ಉದ್ಯೋಗ ಕೇಳುವವಳ ಉದ್ಯೋಗ

ಮನೆಮನೆಗೆ ಹೋಗಿ ‘ನೀವೇನು ಕೆಲಸ ಮಾಡ್ತೀರಿ’ ಎಂದು ಕೇಳುವುದೇ ನನ್ನ ಕೆಲಸ. ಶ್ರೀರಂಗಪಟ್ಟಣದಿಂದ ಸ್ಕೂಟರಿನಲ್ಲಿ ಹೊರಟು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳನ್ನು ಸುತ್ತಿ ಸರ್ಕಾರದ ಉದ್ಯೋಗ ಸಮೀಕ್ಷೆಗೆ ಉತ್ತರ ತರುತ್ತೇನೆ. ಕೊರಳಲ್ಲಿನ ಕಾರ್ಡು ನೋಡಿದರೆ ಸಾಕು, ಜನ ‘ಬನ್ನಿ ಮೇಡಂ’ ಎಂದು ಕುರ್ಚಿ ಹಾಕುತ್ತಾರೆ. ನಾನೂ ಸರ್ಕಾರದವಳೇ ಎಂದುಕೊಂಡಿದ್ದೆ.

ಮೈಸೂರಿನ ತರಬೇತಿಯಲ್ಲಿ ಅಧಿಕಾರಿಯೊಬ್ಬರು ಒಂದು ಮಧ್ಯಾಹ್ನವೆಲ್ಲ ಬೇರೆ ಬೇರೆ ದೇಶಗಳ ಲೆಕ್ಕ ಹೇಳಿದ್ದರು. ಮನೆಯ ಹಸು ಕರೆದು ಡೈರಿಗೆ ಹಾಲು ಹಾಕುವ ಹೆಂಗಸು ಸಂಬಳವಿಲ್ಲದಿದ್ದರೂ ನಮ್ಮಲ್ಲಿ ಉದ್ಯೋಗಿಯೇ. ಅಮೆರಿಕದಲ್ಲಾದರೆ ಅಂಥವಳು ವಾರಕ್ಕೆ ಹದಿನೈದು ಗಂಟೆಯಾದರೂ ದುಡಿದಿರಬೇಕು, ಇಲ್ಲವಾದರೆ ಲೆಕ್ಕಕ್ಕಿಲ್ಲ. ಇನ್ನು ಕೆಲವು ದೇಶಗಳು ಹೊಸದೊಂದು ವರ್ಗ ಸೇರಿಸಿಕೊಂಡಿವೆಯಂತೆ. ಹೆಸರಿಗೆ ಸ್ವತಂತ್ರರು, ಆದರೆ ಕೆಲಸಕ್ಕೂ ಕೂಲಿಗೂ ಒಬ್ಬ ಧಣಿಯನ್ನೇ ನೆಚ್ಚಿಕೊಂಡವರು. ಅವರಿಗೆ ‘ಅವಲಂಬಿತ ಗುತ್ತಿಗೆಯವರು’ ಎಂದು ಹೆಸರು. ಯಾರೋ ಪಾಪ ಅಂದುಕೊಂಡು ಕಾಫಿಗೆ ಎದ್ದಿದ್ದೆ.

ಒಂದು ಸಂಜೆ ಸಿಂಧಘಟ್ಟದಿಂದ ವಾಪಸು ಬರುವಾಗ ಕಬ್ಬಿನ ಟ್ರಾಕ್ಟರಿನ ಹಿಂದಿನಿಂದ ಎಮ್ಮೆಯೊಂದು ಅಡ್ಡ ನುಗ್ಗಿತು. ಬಿದ್ದದ್ದಷ್ಟೇ ಗೊತ್ತು. ಗೂಡ್ಸ್ ಆಟೋದ ಸಾಬರೊಬ್ಬರು ಎತ್ತಿ ಕೂರಿಸಿಕೊಂಡು, ‘ಕಣ್ ಮುಚ್ಬ್ಯಾಡಿ ಅಕ್ಕಾ, ಮಾತಾಡ್ತಾ ಇರಿ’ ಎನ್ನುತ್ತಲೇ ಪಾಂಡವಪುರದ ಆಸ್ಪತ್ರೆ ಮುಟ್ಟಿಸಿದರು. ಬಲಗೈ ಮುರಿದಿತ್ತು.

‘ಏನ್ ಕೆಲ್ಸ ನಿಮ್ದು?’ ನರ್ಸ್ ಕೇಳಿದರು.

‘ಸರ್ಕಾರಿ ಸರ್ವೆ.’

‘ಅಂಗಾರೆ ಆಫೀಸ್ನೋರ್ಗೆ ತಿಳ್ಸಿ. ಅವ್ರೇ ನೋಡ್ಕೋತಾರೆ.’

ಗಾಬರಿಯಿಂದ ಓಡಿಬಂದ ನಮ್ಮ ಯಜಮಾನರು ಸರ್ವೆ ಆಫೀಸಿಗೆ ಫೋನು ಮಾಡಿದರು. ಅಲ್ಲಿನವರು ನಮ್ಮನ್ನು ಕೆಲಸಕ್ಕೆ ಸೇರಿಸಿದ ಏಜೆನ್ಸಿಯನ್ನು ಕೇಳಿ ಅಂದರು. ಏಜೆನ್ಸಿಯವನೊಡನೆ ನಾನೇ ಮಾತಾಡಿದೆ.

‘ನೀವು ನಮ್ಮ ನೌಕರರಲ್ಲ ಮೇಡಂ,’ ಅಂದ ಅವನು, ತೀರಾ ಮೆತ್ತಗೆ. ‘ಸ್ವಂತ ಉದ್ಯೋಗದವರು. ಎಷ್ಟು ಮನೆ ಸರ್ವೆ ಮಾಡಿದ್ರೆ ಅಷ್ಟಕ್ಕೇ ದುಡ್ಡು ಅಂತ ಒಪ್ಪಂದದಲ್ಲೇ ಇದೆ.’

‘ನಂದೇನಿದೆ ಸ್ವಂತದ್ದು? ಯಾವ ಮನೆಗೆ ಹೋಗ್ಬೇಕು ಅಂತ ಹೇಳೋರು ನೀವು. ಟ್ಯಾಬು ನಿಮ್ದು, ಕಾರ್ಡು ನಿಮ್ದು...’

‘ಸ್ಕೂಟರ್ ನಿಮ್ದಲ್ವಾ?’

ಮೈಸೂರಿನಲ್ಲಿ ಕೇಳಿದ್ದ ಆ ‘ಅವಲಂಬಿತ ಗುತ್ತಿಗೆಯವರು’ ನೆನಪಾದರು. ಕೈಯ ನೋವೂ ಆ ಗಳಿಗೆ ಗೊತ್ತಾಗಲಿಲ್ಲ. ಊರವರನ್ನೆಲ್ಲ ಯಾವ ಸಾಲಿಗೆ ಸೇರಿಸಬೇಕೆಂದು ಬಲ್ಲ ನಾನು ಎಲ್ಲೂ ಸೇರದವಳಾಗಿ ಕಬ್ಬಿಣದ ಮಂಚದ ಮೇಲೆ ಕೂತಿದ್ದೆ.

‘ಏನಂದ್ರಮ್ಮೀ?’ ಎಂದು ಯಜಮಾನರು ಫೋನು ಕಿತ್ತುಕೊಂಡು, ‘ಏನ್ಲಾ ನೀನು, ಬಿದ್ದಿರೋರ್ಗೆ ಇಂಗಾ ಮಾತಾಡಾದು?’ ಎಂದು ಗುಡುಗಿದರು. ಅವನು ಆಗಲೇ ಇಟ್ಟುಬಿಟ್ಟಿದ್ದ.

ಕೈಯ ಪಟ್ಟಿ ಬಿಚ್ಚಿದ ಮೇಲೆ ನನ್ನಂಥ ಹೆಂಗಸರೆಲ್ಲ ಸೇರಿ ಮಂಡ್ಯದ ಕಾರ್ಮಿಕ ಕಚೇರಿಗೆ ಹೋದೆವು. ನಮ್ಮನ್ನೂ ನೌಕರರೆಂದು ಒಪ್ಪಿಸಿ ಎಂಬ ಅರ್ಜಿ ತೆಗೆದುಕೊಂಡಿದ್ದಾರೆ, ವಿಚಾರಣೆಗೆ ಇನ್ನೂ ಕರೆದಿಲ್ಲ. ಕೆಲಸ ಬಿಡಲು ಧೈರ್ಯವಿಲ್ಲ. ಈಗ ಬಸ್ಸಿನಲ್ಲೇ ಓಡಾಟ.

ಮೊನ್ನೆ ನಾಗಮಂಗಲದ ಹಳ್ಳಿಯೊಂದರಲ್ಲಿ ನನ್ನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅಜ್ಜಿಯೊಬ್ಬರು ಕೇಳಿದರು: ‘ನಿಂದು ಗೌರ್ಮೆಂಟ್ ಕೆಲ್ಸವೇನವ್ವಾ?’

‘ಅಲ್ಲ ಕಣಜ್ಜೀ,’ ಅಂದೆ. ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟೆ.