ಕಪಾಟಿನ ಹಿಂದಿನ ಸಾಲು

ಬಸಗೌಡ ಸರ್ ಚಿಕ್ಕೋಡಿ ಸಂತೆಗೆ ಬಂದರೆ ಅಂಗಡಿಯವರು ಬೆಲ್ಲದ ದಪ್ಪ ಪೆಂಟಿಗಳ ಮೇಲೆ ಗೋಣಿಚೀಲ ಎಳೆಯುತ್ತಿದ್ದರು. ಸರ್ ಸ್ಕೂಟರಿನ ಕೀಲಿಯಿಂದ ಒಂದೊಂದು ಪೆಂಟಿಯನ್ನೂ ಗೀರಿ, ಅಲ್ಲೇ ಬಗ್ಗಿ ಒಳಗಿನ ಬಣ್ಣ ನೋಡುವವರು.

"ಸರ, ಗೀರಿದ್ದನ್ನ ಮತ್ಯಾರ ತಗೋತಾರ್ರಿ?"

"ಮ್ಯಾಲಿಂದು ಗಾಳಿ ತಿಂದ ಬಿಟ್ಟದ್ದೋ. ಗಾಳಿ ಎಂಜಲಾ ನಾ ಯಾಕ ತಗೋಲಿ?"

ನಮಗೆ ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದರು. ಮೂಲವಸ್ತುಗಳ ಪಟ್ಟಿ ಗೋಡೆಯ ಮೇಲಿತ್ತು. ಅದರ ಕೊನೆಯ ಸಾಲು ಮಾತ್ರ ಕಪಾಟಿನ ಹಿಂದೆ. ಅಲ್ಲೇನಿದೆ ಎಂದು ಒಮ್ಮೆ ಕೇಳಿದೆ.

"ಥೋರಿಯಂ, ಯುರೇನಿಯಂ, ಅವರ ಬೀಗರು. ಪರೀಕ್ಷಾಕ್ಕ ಬರಂಗಿಲ್ಲ. ಕಪಾಟ ಸರಸಾಕ ನಾಕ ಮಂದಿ ಬೇಕು, ಬಿಡವಾ."

ಭೋಜ ಊರಿನ ನಮ್ಮ ಕುರಿಗಾರರ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಸಂಶೋಧನೆಗೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಅದೇ ಸಾಲು. ಯುರೇನಿಯಂ ಚೂರಿನ ಮೇಲೆ ಕ್ಷ-ಕಿರಣ ಬಿಡಬೇಕು. ಸಿಡಿದು ಬರುವ ಎಲೆಕ್ಟ್ರಾನುಗಳ ಶಕ್ತಿ ಅಳೆದು ಲೋಹದ ಗುಣ ಓದಬೇಕು. ನಾನು ಚೂರನ್ನು ಫಳಫಳ ಉಜ್ಜಿ ಯಂತ್ರದೊಳಗಿಡುತ್ತಿದ್ದೆ. ಪರದೆಯ ಮೇಲೆ ಕಾಣುತ್ತಿದ್ದದ್ದು ಬರೀ ಆಕ್ಸೈಡ್, ಅಂದರೆ ಲೋಹದ ತುಕ್ಕು. ವಾರದೊಳಗೆ ಲೋಹ ಕಾಣದಿದ್ದರೆ ವಿಷಯ ಬಿಡು ಎಂದರು ಮಾರ್ಗದರ್ಶಕರು. ಬಿಟ್ಟರೆ ಫೆಲೋಶಿಪ್ಪೂ ಹೋಗುತ್ತಿತ್ತು, ನಾನೂ ಕುರಿ ಹಿಂದೆ ಹೋಗುತ್ತಿದ್ದೆ. ಅಳು ತಡೆಯದೆ ಸರ್‌ಗೆ ಫೋನ್ ಮಾಡಿದೆ.

"ಎಲ್ಲಿ ಉಜ್ಜತಿ?"

"ಮೇಜಿನ ಮ್ಯಾಲ್ರಿ ಸರ."

"ಮತ್ತ ಅಲ್ಲಿಂದ ಮಷೀನಿಗಿ ಒಯ್ಯೂತನಕ ಗಾಳಿ ಏನ ಉಪಾಸ ಇರತೈತೇನ? ನಾ ಬೆಲ್ಲಾ ಮನ್ಯಾಗ ಗೀರಿ ಸಂತ್ಯಾಗ ನೋಡತೀನೇನಬೇ? ನೋಡೂ ಜಾಗಾದಾಗ ಗೀರು."

ಯಂತ್ರದ ನಿರ್ವಾತದೊಳಗೇ ಲೋಹ ಕೆರೆಯುವ ಒಂದು ಅರ ಕೂಡಿಸಿ, ಹೊರಗಿನಿಂದ ಹಿಡಿಕೆ ತಿರುಗಿಸಿ ಚೂರನ್ನು ಕೆರೆದೆ. ಎಲೆಕ್ಟ್ರಾನುಗಳು ಬರುವುದು ಮೇಲಿನ ಕೆಲವೇ ಪದರಗಳಿಂದ. ಆ ಪದರಗಳೀಗ ಅಪ್ಪಟ ಲೋಹ. ಪರದೆಯ ಗೆರೆಯ ಶಿಖರ ಆಕ್ಸೈಡಿನ ಜಾಗ ಬಿಟ್ಟು ಲೋಹದ ಜಾಗಕ್ಕೆ ಸರಿಯಿತು. ಪ್ರಬಂಧ ಉಳಿಯಿತು.

ಅದರ ಪ್ರತಿ ಹಿಡಿದು ಅಂಕಲಿಯಲ್ಲಿದ್ದ ಅವರ ಮನೆಗೆ ಹೋದೆ.

"ಸರ, ಆ ಸಾಲು ಪರೀಕ್ಷಾಕ್ಕ ಬಂತ್ರಿ."

"ನಾ ತಗಿಯೂ ಪೇಪರಿನ್ಯಾಗ ಬಂದಿಲ್ಲಲ್ಲ," ಎಂದು ಪ್ರಬಂಧದ ರಟ್ಟನ್ನು ಉಗುರಿನಿಂದ ಗೀರಿ ನೋಡಿದರು. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಮೇಲೆ ಉಪನ್ಯಾಸಕ್ಕೆಂದು ಕಾಲೇಜಿಗೆ ಹೋಗಿದ್ದೆ. ಮೊದಲು ಮಾಡಿದ್ದು ಕಪಾಟು ಸರಿಸಿದ್ದು. ಉಳಿದ ಪಟ್ಟಿಯೆಲ್ಲ ಮಾಸಿ ಹಳದಿಯಾಗಿತ್ತು; ಕೊನೆಯ ಸಾಲು ಇನ್ನೂ ಹೊಸದರಂತಿತ್ತು. ನಾಲ್ಕು ಮಂದಿ ಬೇಕಾಗಲಿಲ್ಲ. ನಾನೂ ಜವಾನನೂ ಇಬ್ಬರೇ ಸಾಕಾದೆವು. ಜಗಳ ತೆಗೆಯೋಣವೆಂದರೆ ಸರ್ ಇರಲಿಲ್ಲ.