ಬೋರಮ್ಮ ಕೇಳಿದ ಹೂವು

ಬೋರಮ್ಮನ ಗಂಡ ಬದುಕಿದ್ದಾನೆಯೋ ಇಲ್ಲವೋ ಎಂಬುದು ಕೇತಮಾರನಹಳ್ಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೋರಮ್ಮನಿಗೂ ಗೊತ್ತಿರಲಿಲ್ಲ.

ರಾಜಾಜಿನಗರ ಎಂಬ ಹೊಸ ಬಡಾವಣೆಗಾಗಿ ಸರ್ಕಾರದವರು ಊರ ಹೊಲಗಳಲ್ಲಿ ಗಡಿಕಲ್ಲು ನೆಟ್ಟ ವರ್ಷ, ಬೈರಪ್ಪನು ಹೆಗಲಿಗೆ ಕಂಬಳಿ ಹಾಕಿಕೊಂಡು ಹೊರಟಿದ್ದನು. "ತುಂಗಭದ್ರೆಗೆ ಕಟ್ಟೆ ಕಟ್ತಾವ್ರಂತೆ. ಕೂಲಿ ಚೆನ್ನಾಗೈತಂತೆ. ಉಗಾದಿಗೆ ಬತ್ತೀನಿ" ಎಂದು ಹೇಳಿದ್ದನು. ಆ ಯುಗಾದಿಗೆ ಅವನು ಬರಲಿಲ್ಲ, ಒಂದು ಕಾರ್ಡು ಬಂದಿತು. ಯಾರ ಕೈಯಲ್ಲೋ ಬರೆಸಿದ್ದ ಆ ಕಾರ್ಡಿನಲ್ಲಿ ಎಲ್ಲರ ಕ್ಷೇಮವನ್ನು ವಿಚಾರಿಸಿ, ಕೊನೆಗೆ ಎಮ್ಮೆ ಈಯಿತೇ ಎಂದು ಕೇಳಿದ್ದನು. ಎಮ್ಮೆ ಈಯಿತು. ಅದರ ಕರು ಬೆಳೆದು ಅದೂ ಈಯಿತು. ಎರಡನೆಯ ಕಾರ್ಡು ಬರಲೇ ಇಲ್ಲ. ಬೈರಪ್ಪನ ತಮ್ಮ ಮುನಿರಾಜು ರೈಲು ಹತ್ತಿ ಹುಡುಕಿಕೊಂಡು ಹೋದನು. ಅಲ್ಲಿಯ ಮೇಸ್ತ್ರಿಯು, "ಇಲ್ಲಿ ಬೈರಪ್ಪಗಳು ಇಪ್ಪತ್ತು ಜನ ಇದ್ರು, ನಿಮ್ಮೋನು ಯಾವನಪ್ಪಾ?" ಎಂದನಂತೆ. ಏಳು ವರ್ಷಗಳು ಕಳೆದವು.

ಬೋರಮ್ಮನಿಗೆ ಮಕ್ಕಳಿರಲಿಲ್ಲ. ಮುನಿರಾಜುವಿನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ. ಮಾಗಡಿ ಕಡೆಯಿಂದ ಗಾಡಿಯಲ್ಲಿ ಬರುವ ಮುತ್ತುಗದ ಎಲೆಯ ಕಟ್ಟುಗಳನ್ನು ತೆಗೆದುಕೊಂಡು, ಊಟದೆಲೆ ಹಚ್ಚಿ, ಪೇಟೆಯ ಹೋಟೆಲುಗಳಿಗೆ ಕೊಡುವುದು ಅವಳ ಕೆಲಸ. ಕಡ್ಡಿ ಚುಚ್ಚುವ ಅವಳ ಬೆರಳುಗಳನ್ನು ನೋಡುವುದೇ ಒಂದು ಸೊಗಸಾಗಿತ್ತು. ಮಾತು ಮಾತ್ರ ಕಡಿಮೆ. ಮಾತಾಡಲು ಬರುವವರೂ ಕಡಿಮೆಯೇ. ಊರಿನ ಹೆಂಗಸರಲ್ಲಿ ಮುತ್ತೈದೆಯರದು ಒಂದು ಗುಂಪು, ಗಂಡ ಸತ್ತವರದು ಇನ್ನೊಂದು. ಬೋರಮ್ಮನ ಬಾಳು ಅಡ್ಡಗೋಡೆಯ ಮೇಲೆ ಇಟ್ಟ ದೀಪ. ಗೌರಿಹಬ್ಬದ ಅರಿಸಿನ ಕುಂಕುಮಕ್ಕೆ ಕೆಲವರು ಕರೆಯುವರು, ಕೆಲವರು ಕರೆಯಲು ಮರೆತಂತೆ ನಟಿಸುವರು. ಕರೆದವರ ಮನೆಯಲ್ಲಿಯೂ ಕುಂಕುಮದ ಬಟ್ಟಲು ಅವಳ ಮುಂದೆ ಬಂದಾಗ ಒಂದು ಗಳಿಗೆ ತಡೆಯುತ್ತಿತ್ತು. ಆ ಒಂದು ಗಳಿಗೆಯನ್ನು ಅವಳು ಏಳು ವರ್ಷ ನುಂಗಿಕೊಂಡು ಬಂದಿದ್ದಳು.

ಆ ವರ್ಷದ ಮಾಘದಲ್ಲಿ ಮುನಿರಾಜುವಿನ ಮಗಳು ಸೀತೆಗೆ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರು ಮಲ್ಲತ್ತಹಳ್ಳಿಯವರು. ಕಳಸ ಹೊರುವುದು ಹುಡುಗಿಯ ದೊಡ್ಡಮ್ಮನ ಹಕ್ಕು. ಆದರೆ ಬೀಗಿತ್ತಿ ವೀಳ್ಯ ಮೆಲ್ಲುತ್ತಲೇ ಮಾತು ತೆಗೆದಳು.

"ಅಲ್ಲಾ ಮುನಿರಾಜಣ್ಣ, ಕಳಸ ಹೊರೋರು ನಿಜವಾದ ಮುತ್ತೈದೇರೇನಾ? ತಪ್ಪು ತಿಳ್ಕೋಬ್ಯಾಡಿ. ನಾಳೆ ಹುಡುಗೀಗೆ ಒಂದು ಹೋಗಿ ಒಂದಾದ್ರೆ?"

ಮುನಿರಾಜು ಪುರೋಹಿತರನ್ನು ಕೇಳಿದನು. ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾದು, ಮುತ್ತುಗದ ಎಲೆಯಲ್ಲಿ ಅವನ ಆಕಾರ ಮಾಡಿ, ದಹಿಸಿ, ಕರ್ಮ ಮಾಡಬೇಕೆಂದು ಅವರು ಹೇಳಿದರು. ದೇವರ ಅಪ್ಪಣೆಯಾದರೆ ಈಗಲೇ ಮಾಡಬಹುದೆಂಬ ಮಾತನ್ನೂ ಸೇರಿಸಿದರು. ಈ ಮಾತು ಹಿತ್ತಲಿಗೆ ಕೇಳಿಸಿತು. ಬೋರಮ್ಮನ ತೊಡೆಯ ಮೇಲೆ ಅರ್ಧ ಹಚ್ಚಿದ ಎಲೆಯಿತ್ತು. ಅದನ್ನು ಅವಳು ಅಂದು ಮುಗಿಸಲಿಲ್ಲ.

"ಅತ್ತಿಗೆ, ನಾನು ಬಲವಂತ ಮಾಡಾಕಿಲ್ಲ" ಎಂದು ಮುನಿರಾಜು ಬಾಗಿಲಲ್ಲಿ ನಿಂತು, ಅವಳ ಮುಖ ನೋಡಲಾರದೆ ಹೇಳಿದನು. "ಹೆಗ್ಗನಹಳ್ಳಿ ದಾರೀಲಿರೋ ಹನುಮಪ್ಪನ್ನ ಹೂವು ಕೇಳಿ ಬನ್ನಿ. ಬಲಕ್ಕೆ ಬಿದ್ರೆ ಅಣ್ಣ ಅವ್ನೆ ಅಂತ, ನೀವೇ ಕಳಸ ಹೊರಿ. ಎಡಕ್ಕೆ ಬಿದ್ರೆ... ಮದುವೆಗೆ ಮುಂಚೇನೇ ಕಾರ್ಯ ಮುಗಿಸಿಬಿಡಾನ."

"ಆಗ್ಲಿ ಕಣಪ್ಪ" ಎಂದಳು ಬೋರಮ್ಮ.

ಶನಿವಾರ ಬೆಳಗ್ಗೆ ತಣ್ಣೀರು ಮಿಂದು, ಹಸಿದ ಹೊಟ್ಟೆಯಲ್ಲಿಯೇ ಮೂರು ಮೈಲಿ ನಡೆದಳು. ಅದು ತೋಪಿನ ನಡುವಿನ ಸಣ್ಣ ಗುಡಿ. ಒಳಗೆ ಸಿಂದೂರ ಬಳಿದ ಆಳೆತ್ತರದ ಹನುಮಂತರಾಯ. ಹೂವು ಕೇಳುವ ಕ್ರಮ ಸರಳವಾಗಿತ್ತು. ಅರ್ಚಕರು ನೀರಿನಲ್ಲಿ ಅದ್ದಿದ ಎರಡು ಸೇವಂತಿಗೆಗಳನ್ನು ದೇವರ ಎರಡು ಭುಜಕ್ಕೂ ಅಂಟಿಸುವರು. ಕೇಳುವವರು ಎದುರಿಗೆ ಕುಳಿತು ಮನಸ್ಸಿನಲ್ಲಿಯೇ ಕೇಳಿಕೊಳ್ಳಬೇಕು. ಯಾವ ಭುಜದ ಹೂವು ಮೊದಲು ಬೀಳುವುದೋ ಅದೇ ಅಪ್ಪಣೆ. ಒಬ್ಬರಿಗೆ ಎರಡು ನಿಮಿಷಕ್ಕೆ ಬೀಳುವುದು, ಇನ್ನೊಬ್ಬರಿಗೆ ಎರಡು ಗಂಟೆಯಾದರೂ ಬೀಳದು. ಹಿಂದೆಲ್ಲ ಬಂದವರು ಬಂದ ಸರದಿಯಲ್ಲಿಯೇ ಕೂರುತ್ತಿದ್ದರು. ಹೊಸ ಬಡಾವಣೆಯವರು ಕಾರಿನಲ್ಲಿ ಬರತೊಡಗಿದ ಮೇಲೆ ಹಿತ್ತಾಳೆಯ ಕಟಕಟೆ ಬಂದಿತ್ತು, ದರ ಬರೆದ ಒಂದು ಹಲಗೆಯೂ ಬಂದಿತ್ತು. ನಾಲ್ಕಾಣೆ ಕೊಟ್ಟವರು ಕಟಕಟೆಯ ಹೊರಗೆ, ಐದು ರೂಪಾಯಿ ಕೊಟ್ಟವರು ಒಳಗೆ, ಹೊಸ್ತಿಲ ಬಳಿ.

ಬೋರಮ್ಮ ಸೆರಗಿನ ಗಂಟು ಬಿಚ್ಚಿ ನಾಲ್ಕಾಣೆ ಕೊಟ್ಟಳು. ಅರ್ಚಕರು ಮುದುಕರು, ಒಳ್ಳೆಯವರು. ಸಾವಧಾನವಾಗಿ ಹೂವಿಟ್ಟು, "ಕೇಳ್ಕೊಳಮ್ಮ, ಅವಸರ ಏನಿಲ್ಲ" ಎಂದರು.

ಅವಳು ಕಟಕಟೆಗೆ ಹಣೆಯಾನಿಸಿ ಕೇಳಿಕೊಂಡಳು. 'ಇದ್ದರೆ ಬಲಕ್ಕೆ ಕೊಡು, ಇಲ್ಲದಿದ್ದರೆ ಎಡಕ್ಕೆ ಕೊಡು. ನಡುವೆ ಮಾತ್ರ ಇಡಬೇಡ ತಂದೆ.'

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಹಿಂದೆ ಸರದಿ ಬೆಳೆಯಿತು. ಬಲಗಡೆಯ ಹೂವಿನ ತೊಟ್ಟು ಸ್ವಲ್ಪ ಬಾಗಿದಂತೆ ಬೋರಮ್ಮನಿಗೆ ಕಂಡಿತು. ಅವಳು ರೆಪ್ಪೆ ಮಿಟುಕಿಸಲೂ ಹೆದರಿದಳು.

ಆಗ ತೋಪಿನಲ್ಲಿ ಕಾರಿನ ಸದ್ದಾಯಿತು. ಡೋಲು ಬಾರಿಸುವವನು ಬೀಡಿ ಎಸೆದು ಎದ್ದನು. ಬಂದವರು ವೆಂಕಟಗಿರಿ ಎಂಬ ಕಂಟ್ರಾಕ್ಟರು. ರಾಜಾಜಿನಗರದಲ್ಲಿ ಬೀದಿಗಟ್ಟಲೆ ಮನೆ ಕಟ್ಟಿಸಿದವರು. ಕಟಕಟೆಯನ್ನು ಮಾಡಿಸಿಕೊಟ್ಟವರೂ ಅವರೇ.

"ಸ್ವಾಮಿ, ಹನ್ನೊಂದಕ್ಕೆ ಆಫೀಸಿನಲ್ಲಿ ಇರ್ಬೇಕು. ಬೇಗ ಕೇಳಿಕೊಡ್ತೀರಾ?" ಎಂದರು ವೆಂಕಟಗಿರಿ.

ಅರ್ಚಕರು ದೇವರ ಭುಜವನ್ನೂ ಬೋರಮ್ಮನನ್ನೂ ನೋಡಿದರು. ಒಬ್ಬರು ಕೇಳಿಕೊಂಡ ಹೂವು ಬೀಳುವ ಮೊದಲೇ ಅದನ್ನು ತೆಗೆಯುವಂತಿರಲಿಲ್ಲ. ದೊಡ್ಡ ಮನುಷ್ಯರನ್ನು ಕಾಯಿಸುವಂತೆಯೂ ಇರಲಿಲ್ಲ. ಅವರು ತಮಗೆ ತೋಚಿದ ನಡುದಾರಿಯನ್ನು ಹಿಡಿದರು. ಹೂವುಗಳನ್ನು ಇದ್ದಲ್ಲಿಯೇ ಬಿಟ್ಟು, ವೆಂಕಟಗಿರಿಯವರನ್ನು ಹೊಸ್ತಿಲ ಬಳಿ ನಿಲ್ಲಿಸಿ, ಅವರ ಗೋತ್ರ ನಕ್ಷತ್ರ ಹೇಳಿ ಸಂಕಲ್ಪ ಮಾಡಿದರು. ದಪ್ಪನಾದ ಆಸಾಮಿ. ಬೋರಮ್ಮನಿಗೆ ಅವರ ಬೆನ್ನಿನ ರೇಷ್ಮೆ ಶಲ್ಯ ಬಿಟ್ಟರೆ ಬೇರೇನೂ ಕಾಣದಂತಾಯಿತು.

ಇನ್ನೂ ಮಂತ್ರ ಮುಗಿದಿರಲಿಲ್ಲ. ಪಕ್ಕದಲ್ಲಿ ಇಣುಕುತ್ತಿದ್ದವರು ಕೂಗಿಕೊಂಡರು.

"ಬಲಗಡೆ! ಬಲಗಡೆ ಕೊಟ್ಟ!"

ಗಂಟೆ ಹೊಡೆಯಿತು. ಡೋಲು ಮೊಳಗಿತು. ಬೋರಮ್ಮನ ಎದೆ ತುಂಬಿ ಬಂದಿತು. 'ಇದ್ದಾನೆ!' ಎಂದುಕೊಂಡಳು. ಗಂಟೆಯ ನಾದ ಅಡಗುವುದರೊಳಗೆ ಅದರ ಬೆನ್ನಿಗೇ ಇನ್ನೊಂದು ಮಾತು ಎದ್ದಿತು. 'ಇದ್ದೂ ಬರಲಿಲ್ಲವೇ?'

ಅವಳು ಕಟಕಟೆಯ ಸಂದಿನಲ್ಲಿ ಕೈ ಚಾಚಿದಳು. ಅರ್ಚಕರು ಹೂವನ್ನು ತಟ್ಟೆಯಲ್ಲಿಟ್ಟು ವೆಂಕಟಗಿರಿಯವರ ಕೈಗೆ ಕೊಟ್ಟರು.

"ಸ್ವಾಮಿ, ಅದು ನಂದಲ್ವಾ?" ಎಂದಳು ಬೋರಮ್ಮ. ಏಳು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

ಒಂದಿಬ್ಬರು ನಕ್ಕರು. ಸರದಿಯಲ್ಲಿದ್ದ ಮುದುಕನೊಬ್ಬನು, "ಕಾರು ಕಂಡ್ರೆ ದೇವ್ರ ಕೈಯೂ ಸಡಿಲ ಆಯ್ತದೆ ಕಣಕ್ಕಾ. ನೀನೂ ಒಂದು ತಗೊಂಬಾ" ಎಂದನು.

"ಸಂಕಲ್ಪ ಅವರದಾಗಿತ್ತಮ್ಮ" ಎಂದರು ಅರ್ಚಕರು. ಅವರ ದನಿಯಲ್ಲಿ ಬಲವಿರಲಿಲ್ಲ.

ವೆಂಕಟಗಿರಿ ಕೆಟ್ಟವರಲ್ಲ. ತಿರುಗಿ ನೋಡಿ, ಮುಜುಗರಪಟ್ಟು, ಹೂವಿನಿಂದ ನಾಲ್ಕು ಎಸಳು ಕಿತ್ತು ಅವಳ ಕಡೆ ನೀಡಿದರು. "ತಗೋಳಮ್ಮ, ಪ್ರಸಾದ ಎಲ್ಲರದೂ ಅಲ್ವಾ? ನಿನಗೂ ಒಳ್ಳೇದಾಗ್ಲಿ."

"ತಾವು ಏನು ಕೇಳಿಕೊಂಡ್ರಿ ಬುದ್ಧಿ?"

"ನಾನಾ? ಮೂಲೆ ಸೈಟಿನಲ್ಲಿ ಒಂದು ಟಾಕೀಸ್ ಕಟ್ಟೋಣ ಅಂತ. ನೀನು?"

ಬೋರಮ್ಮ ಎಸಳುಗಳನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಪ್ರಸಾದವನ್ನು ಬೇಡ ಎನ್ನಬಾರದಲ್ಲವೇ. ಕಾರು ಹೋಯಿತು.

ಅರ್ಚಕರು ಕಟಕಟೆಯ ಬಳಿ ಬಂದರು. "ಇನ್ನೊಂದ್ಸಲ ಇಡ್ತೀನಿ ಕೂತ್ಕೊಳಮ್ಮ. ಕಾಸು ಬೇಡ. ಈ ಸಲ ಯಾರು ಬಂದ್ರೂ ನಿಲ್ಲಿಸ್ತೀನಿ." ಹೊಸ ಹೂವುಗಳನ್ನು ಅದ್ದಿ ಎರಡು ಭುಜಕ್ಕೂ ಇಟ್ಟರು. ಈಗ ಅಡ್ಡ ನಿಂತವರಿರಲಿಲ್ಲ. ದೇವರು ನಿಚ್ಚಳವಾಗಿ ಕಾಣುತ್ತಿದ್ದನು.

ಬೋರಮ್ಮ ಕೈಮುಗಿದಳು. ಆದರೆ ಏನನ್ನು ಕೇಳುವುದು? ಬೆಳಗ್ಗೆ ಬಲಕ್ಕೆಂದರೆ ಸಂತೋಷ, ಎಡಕ್ಕೆಂದರೆ ದುಃಖ ಎಂದು ತಿಳಿದು ಬಂದಿದ್ದಳು. ಈಗ ಎರಡೂ ಅಷ್ಟು ಸುಲಭವಾಗಿರಲಿಲ್ಲ. ಎಡಕ್ಕೆ ಬಿದ್ದರೆ ಅವನು ಬರಲಾರದೆ ಹೋದವನು, ಬಲಕ್ಕೆ ಬಿದ್ದರೆ ಬರಲೊಲ್ಲದವನು. ಬೇರೆಯವರ ಹೂವು ಅವಳಿಗೆ ಅರೆಗಳಿಗೆ ತೋರಿಸಿ ಹೋದದ್ದು ಇಷ್ಟು. ಎಡದ ಹೂವು ಅಲುಗಿತೋ ಬಲದ ಹೂವು ಅಲುಗಿತೋ ಎಂದು ಎಲ್ಲರೂ ನೋಡುತ್ತಿರುವಾಗಲೇ ಅವಳು ನೆಲಕ್ಕೆ ಕೈಯೂರಿ ಎದ್ದಳು.

"ಅಯ್ಯೋ, ನಡುವೆ ಏಳಬಾರದು ಕಣೇ!" ಎಂದು ಹೆಂಗಸೊಬ್ಬಳು ಸೆರಗು ಹಿಡಿದಳು.

"ಬಿಡವ್ವ. ಹಿಂದೆ ಇರೋರು ಕೂತ್ಕೊಳ್ಳಿ" ಎಂದು ಬೋರಮ್ಮ ಸೆರಗು ಬಿಡಿಸಿಕೊಂಡಳು. ಮಾಗಡಿ ರಸ್ತೆಯ ಬಿಸಿಲಿನಲ್ಲಿ ಮೂರು ಮೈಲಿ ಹಿಂದಕ್ಕೆ ನಡೆದಳು. ದಾರಿಯಲ್ಲಿ ಎಲೆಯ ಗಾಡಿಯವನು ಹತ್ತಿಸಿಕೊಳ್ಳುತ್ತೇನೆಂದರೂ ಹತ್ತಲಿಲ್ಲ.

ಮುನಿರಾಜು ಜಗಲಿಯಲ್ಲಿ ಕಾಯುತ್ತಿದ್ದನು. "ಯಾವ ಕಡೆ ಬಿತ್ತು ಅತ್ತಿಗೆ?"

"ಬಲಕ್ಕೆ ಬಿತ್ತು. ಆದ್ರೆ ಅದು ಟಾಕೀಸ್ ಕಟ್ಟೋರ್ಗಂತೆ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತೆ ನಮ್ದು?"

"ನಾನು ಏನೂ ಕೇಳ್ದಂಗೆ ಎದ್ದು ಬಂದೆ."

"ಹಿಂಗಂದ್ರೆ ಹೆಂಗೆ? ಕಾರ್ಯ ಮಾಡಾನಾ ಬ್ಯಾಡ್ವಾ? ಅವರಿಗೆ ಏನಂತ ಹೇಳ್ಳಿ?"

"ಕಾರ್ಯ ಮಾಡ್ಬ್ಯಾಡ. ಕಳಸಾನ ನಿನ್ನ ಹೆಂಡ್ತಿ ಅಕ್ಕ ಹೊರ್ಲಿ. ಬೀಗಿತ್ತೀಗೂ ಸಮಾಧಾನ ಆಗ್ಲಿ" ಎಂದಳು ಬೋರಮ್ಮ. "ನಿಮ್ಮಣ್ಣ ಇದ್ರೂ ಅವನಿಷ್ಟ, ಇಲ್ದಿದ್ರೂ ಅವನಿಷ್ಟ ಕಣಪ್ಪ. ನಾನಿನ್ನು ಯಾರನ್ನೂ ಕೇಳಾಕಿಲ್ಲ."

ಮದುವೆ ಫಾಲ್ಗುಣದಲ್ಲಿ, ಮನೆಯ ಮುಂದಿನ ಚಪ್ಪರದಲ್ಲಿಯೇ ನಡೆಯಿತು. ಕಳಸವನ್ನು ಬೇರೆಯವರು ಹೊತ್ತರು. ಬೋರಮ್ಮ ಹಿತ್ತಲಿನಲ್ಲಿ ಇರುವಳೆಂದು ಎಲ್ಲರೂ ತಿಳಿದಿದ್ದರು. ಆದರೆ ಧಾರೆಯ ಹೊತ್ತಿಗೆ ಅವಳು ಒಗೆದ ಸೀರೆಯುಟ್ಟು ಬಂದು ಹೆಂಗಸರ ಚಾಪೆಯ ಮೇಲೆ ಕುಳಿತಳು. ಕುಂಕುಮದ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಿದ್ದವಳು ಬೀಗರ ಸೊಸೆ, ಹೊಸಬಳು. ಬೋರಮ್ಮನ ಎದುರಿಗೆ ಬಂದು, ಕೊಡಲೋ ದಾಟಲೋ ಎಂದು ಅತ್ತೆಯ ಮುಖ ನೋಡಿದಳು. ಅತ್ತೆ ಚಪ್ಪರದ ತೋರಣ ನೋಡುತ್ತಿದ್ದಳು.

ಬೋರಮ್ಮ ತಾನೇ ಕೈ ನೀಡಿ, ತಟ್ಟೆಯಿಂದ ಒಂದು ಚಿಟಿಕೆ ಕುಂಕುಮ ತೆಗೆದುಕೊಂಡು ಹಣೆಗೆ ಇಟ್ಟುಕೊಂಡಳು. "ಮುಂದಕ್ಕೆ ಹೋಗವ್ವ, ಕೈ ಸೋತಾವು" ಎಂದು ಆ ಹುಡುಗಿಗೆ ಮೆಲ್ಲಗೆ ಹೇಳಿದಳು.

ಎಡಕ್ಕಿದ್ದವಳು ಮಗುವನ್ನು ಎತ್ತಿಕೊಳ್ಳುವ ನೆಪದಲ್ಲಿ ಸ್ವಲ್ಪ ಸರಿದಳು. ಬಲಕ್ಕಿದ್ದವಳು ನೆಪವಿಲ್ಲದೆಯೇ ಸರಿದಳು. ಓಲಗದವರು ಗಟ್ಟಿಮೇಳ ಬಾರಿಸಿದರು. ಬೋರಮ್ಮ ಎಲ್ಲರೊಡನೆ ಕೈಯೆತ್ತಿ ಸೀತೆಯ ಕಡೆಗೆ ಅಕ್ಷತೆ ಎರಚಿದಳು. ಆಮೇಲೆ, ತನ್ನ ಎರಡು ಪಕ್ಕದಲ್ಲಿಯೂ ಖಾಲಿಯಾಗಿದ್ದ ಚಾಪೆಯನ್ನು ನೋಡಿ, ಸೋತ ಕಾಲುಗಳನ್ನು ಚಾಚಿಕೊಂಡು ಕುಳಿತಳು.