ಪಟ್ಟಿಯಲ್ಲಿ ಇಬ್ಬರು ಜಯಶೀಲರು

ಮುಂಬಯಿ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಆ ಕಂಪನಿಯಲ್ಲಿ ಪ್ರೇಮನಾಥರಷ್ಟು ಅಚ್ಚುಕಟ್ಟಿನ ಮನುಷ್ಯ ಇನ್ನೊಬ್ಬರಿರಲಿಲ್ಲ. ಇದ್ದಿದ್ದರೆ ಇಬ್ಬರೂ ಸೇರಿ ಉಳಿದವರಿಗೆ ಹುಚ್ಚು ಹಿಡಿಸುತ್ತಿದ್ದರು. ಅದೇ ಊರಿನಲ್ಲಿ ಸೋದರಮಾವನ ಹೋಟೆಲಿನ ಲೋಟ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಅವರು. ಈಗ ಏಳುನೂರು ಲ್ಯಾಪ್‌ಟಾಪ್‌ಗಳ ದಾಖಲೆ ಅವರ ಕೈಯಲ್ಲಿತ್ತು. ಒಂದರ ಮದರ್‌ಬೋರ್ಡ್ ಬದಲಾದರೆ, ಬೋರ್ಡಿನಿಂದಲೇ ಯಂತ್ರವನ್ನು ಗುರುತಿಸುವ ಕಂಪನಿಯ ಪಟ್ಟಿಗೆ ಅದು ಬೇರೆಯೇ ಯಂತ್ರ. ಹೊಸ ಬೋರ್ಡನ್ನು ಅದೇ ನೌಕರನ ಹೆಸರಿಗೆ ದಾಖಲಿಸಿ, ಹಳೆಯ ಸಾಲನ್ನು ತೆಗೆಯಬೇಕು. ತೆಗೆಯುವ ಮುಂಚೆ ಪ್ರೇಮನಾಥರು ಹಳೆಯ ಬೋರ್ಡಿಗೆ ಅಳಿಸುವ ಆದೇಶವನ್ನೂ ಕಳಿಸಿಬಿಡುತ್ತಿದ್ದರು. ಅದು ಎಲ್ಲಾದರೂ ಇಂಟರ್‌ನೆಟ್ ಮುಟ್ಟಿದರೆ ಯಂತ್ರದಲ್ಲಿದ್ದುದೆಲ್ಲ ಅಳಿಸಿಹೋಗಬೇಕು. ನಿಯಮದಲ್ಲಿಲ್ಲದ ಈ ಎಚ್ಚರಿಕೆ ಅವರದೇ ಸ್ವಂತದ್ದು. ಅದರ ಬಗ್ಗೆ ಅವರಿಗೆ ಒಂದಿಷ್ಟು ಜಂಬವೂ ಇತ್ತು.

2018ರ ಜುಲೈಯಲ್ಲಿ ಖರೀದಿ ವಿಭಾಗದ ಜಯಶೀಲ ಹೃದಯಾಘಾತದಿಂದ ತೀರಿಕೊಂಡರು. ಪ್ರೇಮನಾಥರ ಹಾಗೆ ಉಡುಪಿ ಕಡೆಯವರು, ಅವರ ಗೆಳೆಯ. ಡೊಂಬಿವಲಿಯ ತಾಳಮದ್ದಲೆ ಕೂಟದಲ್ಲಿ ಪುರಾಣದ ಪಾತ್ರವಾಗಿ ಮಾತಾಡುತ್ತ ಅರ್ಥ ಹೇಳುತ್ತಿದ್ದರು. ಮನೆಯಲ್ಲಿ ಅಭ್ಯಾಸ ಮಾಡುವಾಗ ತಮ್ಮ ಮಾತನ್ನು ಕಂಪನಿಯ ಲ್ಯಾಪ್‌ಟಾಪಿನಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ.

"ಆಶ್ರಿತಾಗೆ ಅಪ್ಪನ ಸ್ವರ ಬೇಕಂತೆ ಪ್ರೇಮಣ್ಣ. ಬೇರೆ ಎಂಥದೂ ಬೇಡ ನಮಗೆ," ಎಂದು ಜಯಶೀಲರ ಹೆಂಡತಿ ವೇದಾವತಿ ಫೋನ್ ಮಾಡಿದರು. ಮ್ಯಾನೇಜರೂ ಒಪ್ಪಿದರು.

"ಸೋಮವಾರ ಬನ್ನಿ ಅಕ್ಕ, ನಿಮ್ಮ ಎದುರೇ ಕಾಪಿ ಮಾಡಿ ಕೊಡ್ತೇನೆ," ಎಂದರು ಪ್ರೇಮನಾಥ.

ಶನಿವಾರ ಪಟ್ಟಿ ತೆರೆದರೆ ಜಯಶೀಲರ ಹೆಸರು ಎರಡು ಸಾಲಿನಲ್ಲಿತ್ತು. ಜೂನ್‌ನಲ್ಲಿ ಬೋರ್ಡ್ ಬದಲಾಗಿ ಹೊಸದು ದಾಖಲಾಗಿತ್ತು, ಹಳೆಯ ಸಾಲು ಹಾಗೇ ಉಳಿದಿತ್ತು. ತೀರಿಹೋದ ಗೆಳೆಯನ ಹೆಸರು ಹೀಗೆ ಅಸ್ತವ್ಯಸ್ತವಾಗಿ ಬಿದ್ದಿರುವುದನ್ನು ಅವರಿಂದ ನೋಡಲಾಗಲಿಲ್ಲ. ಹಳೆಯ ಸಾಲಿಗೆ ಅಳಿಸುವ ಆದೇಶ ಕಳಿಸಿ, ಕಣ್ಣು ಒರೆಸಿಕೊಂಡು ಬದಲಾಪುರದ ಲೋಕಲ್ ರೈಲು ಹಿಡಿದರು.

ಆದರೆ ಜೂನ್‌ನಲ್ಲಿ ಹೊಸ ಬೋರ್ಡ್ ಹಾಕಿದ ಮೂರನೇ ದಿನವೇ ರಿಪೇರಿಯ ಭುಜಂಗನಿಗೆ ಕೆಟ್ಟಿದ್ದು ಬೋರ್ಡಲ್ಲ, ಒಂದು ಕೇಬಲ್ ಎಂದು ತಿಳಿದಿತ್ತು. ಹಳೆಯದನ್ನೇ ತಿರುಗಿ ಕೂರಿಸಿದ್ದ, ಹೇಳಲು ಮರೆತಿದ್ದ. ಹಾಗಾಗಿ ಜಯಶೀಲರ ಲ್ಯಾಪ್‌ಟಾಪ್ ಆ ಹಳೆಯ ಸಾಲಿನದೇ ಆಗಿತ್ತು. ಭುಜಂಗನನ್ನು ಬೈದು ಪ್ರಯೋಜನವಿಲ್ಲ. ಯಾವ ಯಂತ್ರ ಕೊನೆಗೆ ಯಾವತ್ತು ನೆಟ್‌ವರ್ಕಿಗೆ ಬಂದಿತ್ತೆಂದು ಸಾಲಿನ ಪಕ್ಕದಲ್ಲೇ ಬರೆದಿತ್ತು. ಉಳಿದ ಎಲ್ಲ ಯಂತ್ರಗಳಿಗೂ ಅದನ್ನು ನೋಡುತ್ತಿದ್ದ ಪ್ರೇಮನಾಥರು ಅಂದು ನೋಡಲಿಲ್ಲ.

ಸೋಮವಾರ ವೇದಾವತಿಯನ್ನು ಎದುರು ಕೂರಿಸಿಕೊಂಡು ಲ್ಯಾಪ್‌ಟಾಪ್ ಆನ್ ಮಾಡಿದರು. ಆಫೀಸಿನ ವೈಫೈ ಸಿಕ್ಕಿತು. ಫೋಲ್ಡರ್ ಹುಡುಕುವಷ್ಟರಲ್ಲಿ ಪರದೆ ಕಪ್ಪಾಗಿ, ಯಂತ್ರ ತಾನೇ ಮತ್ತೆ ಶುರುವಾಗಿ, ಶೇಕಡಾವಾರು ಅಂಕಿ ಏರತೊಡಗಿತು. ಪ್ರೇಮನಾಥರಿಗೆ ಶನಿವಾರದ ಆದೇಶ ನೆನಪಾಯಿತು. ಪವರ್ ಬಟನ್ ಒತ್ತಿ ಹಿಡಿದರು. ಅಷ್ಟರೊಳಗೆ ಎಲ್ಲ ಮುಗಿದಿತ್ತು.

"ಕಾಪಿ ಆಗ್ತಾ ಉಂಟಾ?" ವೇದಾವತಿ ಕೇಳಿದರು.

"ಇಲ್ಲ ಅಕ್ಕ. ಎಲ್ಲ ಅಳಿಸಿ ಹೋಯ್ತು. ನಾನೇ ಅಳಿಸಿದ್ದು, ನೋಡದೆ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳ ನಂಬರ್ ಒತ್ತಿ ಫೋನನ್ನು ಪ್ರೇಮನಾಥರ ಕೈಗೆ ಕೊಟ್ಟರು.

"ಅವಳಿಗೆ ನೀವೇ ಹೇಳಿ. ನನ್ನಿಂದ ಆಗುದಿಲ್ಲ."

ಫೋನ್ ಕಿವಿಗಿಡುವ ಮೊದಲೇ ಆ ಕಡೆಯಿಂದ ಹುಡುಗಿ ಅಪ್ಪನ ಸ್ವರ ಸಿಕ್ಕಿತಾ ಎಂದು ಹಿಂದಿಯಲ್ಲಿ ವಿಚಾರಿಸುವುದು ಕೇಳಿಸಿತು: "ಮಮ್ಮಿ, ಪಪ್ಪಾ ಕಾ ಆವಾಜ್ ಮಿಲಾ?"

ಪ್ರೇಮನಾಥರು ತಮ್ಮ ಹೆಸರು ಹೇಳಿದರು. ಮುಂದಿನ ಮಾತಿಗೆ ಅವಳು ಕಾಯುತ್ತಿದ್ದಳು.